ನಾಲ್ಕು ಡಬ್ಬಿಗಳಲ್ಲಿ ಒಂದೇ ಆಟ: ಹಳೆಯ ವೀ ಆಟಗಳ ಸೆಟ್ ಕೊಳ್ಳುವವರು ದಯವಿಟ್ಟು ಓದಿ

ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಹಲವರು ಮಕ್ಕಳಿಗಾಗಿ ಹಳೆಯ ನಿಂಟೆಂಡೊ ವೀ ಎಂಬ ವಿಡಿಯೋ ಆಟದ ಯಂತ್ರವನ್ನು ಕಡಿಮೆ ಬೆಲೆಗೆ ಕೊಂಡು, ಆಟದ ಡಿಸ್ಕ್‌ಗಳನ್ನು ಆನ್‌ಲೈನ್ ಅಂಗಡಿಗಳಿಂದ ಸೆಟ್ ಲೆಕ್ಕದಲ್ಲಿ ತರಿಸಿಕೊಳ್ಳುತ್ತಾರೆ. ಹಾಗೆ ತರಿಸುವವರು ಹಣ ಕೊಡುವ ಮುನ್ನ ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ: ನಿಂಜಾಬ್ರೆಡ್ ಮ್ಯಾನ್, ಅನುಬಿಸ್ 2, ರಾಕ್ ಎನ್ ರೋಲ್ ಅಡ್ವೆಂಚರ್ಸ್, ಮಿಥ್ ಮೇಕರ್ಸ್: ಟ್ರಿಕ್ಸಿ ಇನ್ ಟಾಯ್‌ಲ್ಯಾಂಡ್. ಹೆಸರು ನಾಲ್ಕು, ಆಟ ಒಂದೇ.

ನನ್ನ ತಂಗಿಯ ಮಗನ ಹುಟ್ಟುಹಬ್ಬದ ಉಡುಗೊರೆಗೆಂದು ನಾನು ಈ ನಾಲ್ಕನ್ನೂ ಒಟ್ಟಿಗೆ ಕೊಂಡೆ. ಮಾರಾಟಗಾರರ ಪುಟದಲ್ಲಿ ‘ನಾಲ್ಕು ವಿಭಿನ್ನ ಸಾಹಸ ಆಟಗಳು, ಸೀಲ್ ಒಡೆಯದ ಹೊಸ ಪ್ರತಿಗಳು’ ಎಂದು ಸ್ಪಷ್ಟವಾಗಿ ಬರೆದಿತ್ತು. ಒಂದರ ಮುಖಪುಟದಲ್ಲಿ ಕತ್ತಿ ಹಿಡಿದ ಬಿಸ್ಕತ್ತಿನ ನಿಂಜಾ, ಇನ್ನೊಂದರಲ್ಲಿ ಈಜಿಪ್ಟಿನ ದೇವತೆ, ಮತ್ತೊಂದರಲ್ಲಿ ಗಿಟಾರ್ ವಾದಕ. ಮಕ್ಕಳ ಆಟ ಕೊಳ್ಳುವಾಗ ಯಾರಾದರೂ ನೋಡುವುದು ಇಷ್ಟನ್ನೇ ತಾನೆ?

ಹುಡುಗ ಮೊದಲು ನಿಂಜಾಬ್ರೆಡ್ ಮ್ಯಾನ್ ಹಾಕಿದ. ಸಿಹಿತಿಂಡಿಗಳ ಲೋಕದಲ್ಲಿ ಜಿಗಿಯುತ್ತ, ಅಲ್ಲಲ್ಲಿ ಇಟ್ಟಿರುವ ಶಕ್ತಿಯ ಕೋಲುಗಳನ್ನು ಕೂಡಿಸಿಕೊಂಡು, ಹೊರಹೋಗುವ ದ್ವಾರವನ್ನು ಚಾಲೂ ಮಾಡಿ ಮುಂದಿನ ಹಂತಕ್ಕೆ ಹೋಗುವುದೇ ಇಡೀ ಆಟ. ಅಭ್ಯಾಸದ ಹಂತವನ್ನು ಬಿಟ್ಟರೆ ಇರುವುದು ಮೂರೇ ಹಂತ. ರಿಮೋಟನ್ನು ಬೀಸಿದರೆ ಕತ್ತಿ ಒಮ್ಮೆ ಬೀಸುತ್ತದೆ, ಒಮ್ಮೆ ಸುಮ್ಮನಿರುತ್ತದೆ. ಕ್ಯಾಮೆರಾ ಗೋಡೆಗೆ ಸಿಕ್ಕಿಕೊಂಡು, ಜಿಗಿಯಬೇಕಾದ ಜಾಗವೇ ಕಾಣದಂತಾಗುತ್ತದೆ. ಅಗ್ಗದ ಆಟ, ಇಷ್ಟು ಕೊರತೆ ಇರಬಹುದೆಂದು ಸಹಿಸಿಕೊಂಡೆವು.

ಆಮೇಲೆ ಅವನು ಅನುಬಿಸ್ ಹಾಕಿದ. ಮನೆಯವರೆಲ್ಲ ಕೂತು ನೋಡುತ್ತಿದ್ದರು, ತಂಗಿಯ ಗಂಡನೂ ಅಲ್ಲೇ ಇದ್ದರು. ಸಿಹಿತಿಂಡಿಯ ಬದಲು ಮರಳು, ಬಿಸ್ಕತ್ತಿನ ಮನುಷ್ಯನ ಬದಲು ನಾಯಿಮುಖದ ದೇವತೆ. ಆದರೆ ಅದೇ ಜಿಗಿತ, ಅದೇ ಬೀಸು, ಅದೇ ಕೂಡಿಸುವ ಕೆಲಸ, ಗೋಡೆಗೆ ಸಿಕ್ಕಿಕೊಳ್ಳುವ ಅದೇ ಕ್ಯಾಮೆರಾ. ಹುಡುಗ ನನ್ನ ಕಡೆ ತಿರುಗಿ, “ಮಾಮ, ಡಿಸ್ಕ್ ಬದಲಾಯಿಸಿದ್ದೀನಿ ಅಲ್ವಾ?” ಎಂದು ಕೇಳಿದ. ಮೂರನೆಯದನ್ನು ಹಾಕಿದೆವು, ಅದೇ. ನಾಲ್ಕನೆಯದನ್ನು ಹಾಕಿದೆವು, ಅದೇ. ಒಂದೇ ಹಿಟ್ಟನ್ನು ನಾಲ್ಕು ಅಚ್ಚಿಗೆ ಒತ್ತಿ ನಾಲ್ಕು ತಿಂಡಿಗಳೆಂದು ಮಾರಿದಂತಿತ್ತು. ಹುಟ್ಟುಹಬ್ಬದ ಉಡುಗೊರೆ ಎಂದು ಕೊಟ್ಟು, ಎಲ್ಲರ ಎದುರು ಒಂದೊಂದೇ ಡಬ್ಬಿ ತೆರೆಯುತ್ತ ತಲೆ ತಗ್ಗಿಸಿ ಕೂರಬೇಕಾದಾಗ ಆದ ಅವಮಾನ ಇನ್ನೂ ಆರಿಲ್ಲ.

ಹುಡುಕಿ ಓದಿದ ಮೇಲೆ ತಿಳಿದದ್ದು, ಇದು ವೀ ಆಟಗಾರರಿಗೆ ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ. ನಾಲ್ಕನ್ನೂ ತಯಾರಿಸಿದ್ದು ಒಂದೇ ಬ್ರಿಟಿಷ್ ಸಂಸ್ಥೆ. ನಿಂಜಾಬ್ರೆಡ್ ಮ್ಯಾನ್ 2005ರಲ್ಲಿ ಯುರೋಪಿನಲ್ಲಿ ಪ್ಲೇಸ್ಟೇಷನ್ 2 ಎಂಬ ಬೇರೊಂದು ಆಟದ ಯಂತ್ರಕ್ಕೆ ಬಂದ ಆಟ. ವೀ ಜನಪ್ರಿಯವಾದ ಮೇಲೆ 2007ರಲ್ಲಿ ಅದನ್ನೇ ವೀಗೆ ತಂದರು.

ಮಾರಾಟಗಾರರಿಗೆ ಬರೆದೆ. “ಡಿಸ್ಕ್ ಓಡುತ್ತಿದೆಯೇ? ಓಡುತ್ತಿದ್ದರೆ ದೋಷವಿಲ್ಲ” ಎಂಬ ಉತ್ತರ ಬಂತು. ದೋಷದ ಮಾತಲ್ಲ, ‘ವಿಭಿನ್ನ’ ಎಂದು ಬರೆದು ಮಾರಿದ್ದೀರಿ ಎಂದೆ. “ಹೆಸರು ಬೇರೆ, ಚಿತ್ರ ಬೇರೆ, ಬಾರ್‌ಕೋಡ್ ಬೇರೆ, ಆದ್ದರಿಂದ ಆಟಗಳೂ ಬೇರೆ” ಎಂದರು. ಬಾರ್‌ಕೋಡ್ ಬೇರೆಯಂತೆ! ಮಗು ಬಾರ್‌ಕೋಡ್ ಆಡುತ್ತದೆಯೇ? ಮತ್ತೆ ಬರೆದಾಗ, “ಪ್ಲಾಟ್‌ಫಾರ್ಮ್ ಆಟಗಳೆಲ್ಲ ಹೀಗೆಯೇ, ಜಿಗಿಯುವುದು, ಕೂಡಿಸುವುದು” ಎಂದು ನನಗೇ ಪಾಠ ಹೇಳಿದರು. ಈ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. ಅದೇ 2007ರಲ್ಲಿ, ಅದೇ ವೀಗೆ, ಸೂಪರ್ ಮಾರಿಯೋ ಗ್ಯಾಲಕ್ಸಿ ಬಂದಿತ್ತು. ಅಲ್ಲಿಯೂ ಜಿಗಿಯುವುದು, ಕೂಡಿಸುವುದೇ ಇದ್ದರೂ, ಪುಟ್ಟ ಗ್ರಹಗಳ ಸುತ್ತ ತಲೆಕೆಳಗಾಗಿ ಓಡಿಸುವ ಆ ಆಟದಲ್ಲಿ ಮುಂದಿನ ಗ್ರಹದಲ್ಲಿ ಏನಿದೆಯೋ ಎಂದು ಮಕ್ಕಳು ಕಾಯುತ್ತಾರೆ. ಜಿಗಿತದ ಆಟವೆಂದರೆ ಒಂದೇ ಆಟವನ್ನು ನಾಲ್ಕು ಸಲ ಮಾರುವುದು ಎಂದು ಯಾರೂ ಒಪ್ಪಲಾರರು.

ಕೊನೆಗೆ ಅವರು ಹಿಡಿದದ್ದು ಸೀಲ್ ಮಾತನ್ನು: “ಸೀಲ್ ಒಡೆದಿದ್ದೀರಿ, ವಾಪಸ್ ಇಲ್ಲ.” ಇಲ್ಲಿ ಎಚ್ಚರವಿರಲಿ. ಬ್ರಿಟನ್ನಿನ 2013ರ ನಿಯಮಗಳಂತೆ, ಆನ್‌ಲೈನ್‌ನಲ್ಲಿ ಅಂಗಡಿಯವರಿಂದ ಕೊಂಡದ್ದನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂತಿರುಗಿಸುವ ಹಕ್ಕು ಸೀಲ್ ಒಡೆದ ಸಾಫ್ಟ್‌ವೇರ್ ಡಿಸ್ಕ್‌ಗಳಿಗೆ ಇಲ್ಲವೆಂಬುದು ನಿಜ. ಆದರೆ ವಸ್ತುವು ವರ್ಣಿಸಿದಂತೆಯೇ ಇರಬೇಕೆನ್ನುವ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಬೇರೆ. ಅದರ ಪ್ರಕಾರ, ವರ್ಣನೆಗೆ ಹೊಂದದ ವಸ್ತುವನ್ನು 30 ದಿನಗಳೊಳಗೆ ತಿರಸ್ಕರಿಸಿ ಹಣ ಕೇಳಬಹುದು. ಸೀಲ್ ಒಡೆದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಇದನ್ನು ಬರೆದು ಕಳಿಸಿದ ಮೇಲೆ ಉತ್ತರಗಳು ನಿಂತವು. ಅಷ್ಟು ದಿನ ಬಾರ್‌ಕೋಡ್ ಎಣಿಸುತ್ತಿದ್ದವರಿಗೆ ಆಗ ಮಾತೇ ಇರಲಿಲ್ಲ.

ಸೆಟ್ ಕೊಳ್ಳಲೇಬೇಕೆಂದಿದ್ದರೆ ಪ್ರತಿ ಆಟವನ್ನೂ ಆಡಿದವರ ವಿಡಿಯೋ ಹುಡುಕಿ ನೋಡಿ; ಎರಡರ ಮೊದಲ ಹಂತವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಮಾರಾಟಪುಟದ ವರ್ಣನೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮುಂದೆ ಅದನ್ನು ಅವರು ಬದಲಾಯಿಸಬಹುದು. ನನ್ನ ಬಳಿ ಅದು ಇದ್ದುದರಿಂದಲೇ ಗ್ರಾಹಕರಿಗೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಹಾಯವಾಣಿಗೆ ದೂರು ಕೊಡುವಾಗ ‘ವಿಭಿನ್ನ’ ಎಂಬ ಪದವನ್ನು ಅವರ ಪುಟದಿಂದಲೇ ತೋರಿಸಲು ಸಾಧ್ಯವಾಯಿತು. ಹಣ ಇನ್ನೂ ಬಂದಿಲ್ಲ. ದೂರನ್ನು ನಾನು ಹಿಂಪಡೆಯುವುದೂ ಇಲ್ಲ.