ಐದು ಕಡ್ಡಿ ತೋರಿಸುತ್ತಲೇ ಕೈಕೊಟ್ಟ ಬ್ಯಾಟರಿ

ಹಳೆಯ ವಿದ್ಯುತ್ ಸ್ಕೂಟರಿನ ಲೆಡ್-ಆಸಿಡ್ ಬ್ಯಾಟರಿ ತೆಗೆಸಿ ಲಿಥಿಯಂ ಹಾಕಿಸಬೇಕೆಂದಿರುವವರು, ಬೆಲೆ ವಿಚಾರಿಸುವ ಮೊದಲು, ಚಾರ್ಜ್ ತೋರಿಸುವ ಮೀಟರನ್ನೂ ಬದಲಿಸಿ ಕೊಡುತ್ತಾರೆಯೇ ಎಂದು ಕೇಳಿಕೊಳ್ಳಿ. ಅದನ್ನು ಕೇಳದೇ ಹೋದ ನಾನು ಕಳೆದ ಮಳೆಗಾಲದಲ್ಲಿ, ಕತ್ತಲಾಗುವ ಹೊತ್ತಿಗೆ, ಸಕ್ರೆಬೈಲಿನ ಆನೆ ಬಿಡಾರದಿಂದಾಚೆಗಿನ ಕಾಡುದಾರಿಯಲ್ಲಿ ಸ್ಕೂಟರ್ ತಳ್ಳಿದ್ದೇನೆ.

ಮಂಡಗದ್ದೆಯಿಂದ ಶಿವಮೊಗ್ಗಕ್ಕೆ ಸುಮಾರು 30 ಕಿಲೋಮೀಟರ್. 30 ಆಂಪಿಯರ್-ಅವರ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಕೂರಿಸಿಕೊಟ್ಟ ಅಂಗಡಿಯವರು, "ಹೋಗಿ ಬರೋದಕ್ಕೆ ಧಾರಾಳ ಸಾಕು ಸಾರ್" ಎಂದಿದ್ದರು. ಪೇಟೆಯಿಂದ ವಾಪಸು ಹೊರಟಾಗ ಐದು ಕಡ್ಡಿಗಳಿದ್ದವು, ಗಾಜನೂರಿನಲ್ಲೂ ಐದೇ. ಎಂಥ ಒಳ್ಳೆಯ ಬ್ಯಾಟರಿ ಎಂದು ಹಿಗ್ಗಿದ್ದು ನನ್ನ ಪೆದ್ದುತನ. ಬಿಡಾರ ದಾಟಿದ ಮೇಲಿನ ಸಣ್ಣ ಏರಿನಲ್ಲಿ ಕಡ್ಡಿಗಳು ಒಂದರ ಹಿಂದೊಂದು ಆರಿ, ಕಿಲೋಮೀಟರ್ ಕಳೆಯುವುದರೊಳಗೆ ಗಾಡಿ ನಿಂತೇಹೋಯಿತು.

ಕಾರಣ ಆಮೇಲೆ ತಿಳಿಯಿತು. ಹಳೆಯ ಮೀಟರು ನೋಡುವುದು ವೋಲ್ಟೇಜನ್ನು ಮಾತ್ರ. 48 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದಾಗ ಸುಮಾರು 51 ವೋಲ್ಟ್ ಇರುತ್ತದೆ. ನನ್ನ ಪ್ಯಾಕಿನಲ್ಲಿ ಸಾಲಾಗಿ ಜೋಡಿಸಿದ 16 ಸೆಲ್‌ಗಳಲ್ಲಿ ಪ್ರತಿಯೊಂದೂ, ಬಹುಪಾಲು ಖಾಲಿಯಾಗುವವರೆಗೂ 3.2ರಿಂದ 3.3 ವೋಲ್ಟಿನ ಆಸುಪಾಸಿನಲ್ಲೇ ನಿಂತು, ಕೊನೆಯಲ್ಲಿ ದಿಢೀರನೆ ಕುಸಿಯುತ್ತದೆ. ಹದಿನಾರೂ ಸೇರಿದರೆ 51 ವೋಲ್ಟಿಗಿಂತ ಮೇಲೇ ಆಗುವುದರಿಂದ, ಐದನೆಯ ಒಂದು ಪಾಲು ಉಳಿದಾಗಲೂ ಆ ಮೀಟರಿನ ಪಾಲಿಗೆ ಬ್ಯಾಟರಿ ಭರ್ತಿ.

ಜಗಳವಾಡಿದ ಮೇಲೆ, ಶಂಟ್ (ಬ್ಯಾಟರಿಯ ನೆಗೆಟಿವ್ ಬದಿಯಲ್ಲಿ ಕೂರಿಸುವ, ಕರೆಂಟ್ ಅಳೆಯಲು ಬಳಸುವ ಲೋಹದ ಪಟ್ಟಿ) ಮೂಲಕ ಹರಿಯುವ ಕರೆಂಟನ್ನು ಲೆಕ್ಕ ಹಾಕುವ ಮೀಟರನ್ನು ಅಳವಡಿಸಿದರು. ಅದೂ ಸುಳ್ಳು ಹೇಳಿತು: ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಬೆಳಿಗ್ಗೆ ಹಿಂದಿನ ಸಂಜೆಯ ಶೇಕಡಾ 38 ಅಲ್ಲಾಡಿರಲಿಲ್ಲ. ಸೀಟು ಎತ್ತಿ ನೋಡಿದರೆ, ಚಾರ್ಜರಿನ ಕಪ್ಪು ತಂತಿಯನ್ನು ಶಂಟಿಗೆ ಕೊಡದೆ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೇ ಬಿಗಿದಿದ್ದರು; ಒಳಗೆ ಹೋದ ಕರೆಂಟು ಲೆಕ್ಕಕ್ಕೇ ಸಿಕ್ಕಿರಲಿಲ್ಲ. ತಂತಿಯನ್ನು ಶಂಟಿನ ಆಚೆ ಬದಿಗೆ ಬದಲಿಸಿದೆ.

ಇನ್ನೊಂದು ತಪ್ಪು ಉಳಿದಿತ್ತು. ಮೀಟರಿನಲ್ಲಿ ಸಾಮರ್ಥ್ಯ 30 ಎಂದು ತುಂಬಿಸಿದ್ದರು. ಪೂರ್ತಿ ಚಾರ್ಜ್ ಮಾಡಿ, ಬಿಎಂಎಸ್ (ಪ್ಯಾಕಿನೊಳಗೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ತಾನಾಗಿ ಕಡಿತ ಮಾಡುವವರೆಗೆ ಮನೆಯ ಸುತ್ತಲೇ ಓಡಿಸಿದಾಗ ಸಿಕ್ಕಿದ್ದು 24 ಮಾತ್ರ. (30ರ ದುಡ್ಡು ತೆಗೆದುಕೊಂಡಿದ್ದು ಬೇರೆಯೇ ತಕರಾರು.) 24 ಎಂದು ತಿದ್ದಿದೆ. ಇಂಥ ಲೆಕ್ಕದಲ್ಲಿ ಸಣ್ಣ ಸಣ್ಣ ದೋಷಗಳು ಕೂಡುತ್ತಲೇ ಹೋಗುವುದರಿಂದ, ವಾರಕ್ಕೊಮ್ಮೆ ಪೂರ್ತಿ ತುಂಬಿಸಿ ಮೀಟರು 100ಕ್ಕೆ ಮರಳಲು ಬಿಡಬೇಕು. ಮೀಟರು 100ಕ್ಕೆ ಮರಳುವ ವೋಲ್ಟೇಜನ್ನು ಚಾರ್ಜರಿನ ಗರಿಷ್ಠ 58.4 ವೋಲ್ಟಿಗೇ ಇಟ್ಟರೆ ಬ್ಯಾಟರಿ ಕೆಲವೊಮ್ಮೆ ಅಷ್ಟನ್ನು ಮುಟ್ಟುವುದೇ ಇಲ್ಲ, ನಾನು 57.6ಕ್ಕೆ ಇಟ್ಟಿದ್ದೇನೆ.

ಈಗ ಶಿವಮೊಗ್ಗದಲ್ಲಿ ಭಾವನ ಮನೆಯಲ್ಲಿ ಚಾರ್ಜಿಗೆ ಹಾಕಿಯೇ ಹಿಂದಿರುಗುತ್ತೇನೆ. ಮೊನ್ನೆ ಮನೆ ಮುಟ್ಟಿದಾಗ ಮೀಟರು ಶೇಕಡಾ 22 ತೋರಿಸುತ್ತಿತ್ತು. ಮರುದಿನ ಕಡಿತವಾಗುವವರೆಗೆ ಓಡಿಸಿ ನೋಡಿದರೆ 5 ಆಂಪಿಯರ್-ಅವರ್‌ಗಿಂತ ತುಸು ಹೆಚ್ಚೇ ಸಿಕ್ಕಿತು; 24ರಲ್ಲಿ ಶೇಕಡಾ 22 ಎಂದರೂ ಅಷ್ಟೇ.