ಎರಡು ಬೋರಮಾಳ: ಮಳಿಗೆಯದೊಂದು, ಪತ್ತಾರರದೊಂದು

ನಾನು ಪತ್ತಾರರ, ಅಂದರೆ ಅಕ್ಕಸಾಲಿಗರ, ಪರ ಎಂದು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ದೊಡ್ಡ ಮಳಿಗೆಯಲ್ಲಿ ಮಾಡಿಸಿದ ಬೋರಮಾಳ ಹಿರಿಯ ಮಗಳ ಕಪಾಟಿನಲ್ಲಿದೆ. ಧಾರವಾಡದ ನಮ್ಮ ಓಣಿಯ ಪತ್ತಾರರು ಮಾಡಿದ್ದು ಕಿರಿಯವಳ ಕೊರಳಲ್ಲಿದೆ. ಎರಡಕ್ಕೂ ಮಾದರಿ ಒಂದೇ, ನಮ್ಮ ಅವ್ವನ ಸರ.

ಬೋರಮಾಳ ಕಾಣದವರಿಗಾಗಿ ಒಂದು ಮಾತು. ಬೋರೆಹಣ್ಣಿನಂತೆ ದುಂಡಗಿನ ಚಿನ್ನದ ಗುಂಡುಗಳ ಸರವದು. ತಗಡು ಕಾಗದದಂತೆ ತೆಳು, ಒಳಗೆ ಅರಗು, ನಡುವೆ ರೇಷ್ಮೆ ದಾರ. ಅರಗಿನಿಂದಾಗಿ ಕಡಿಮೆ ಚಿನ್ನದಲ್ಲಿ ತುಂಬು ಸರ ಕಾಣುತ್ತದೆ, ಗುಂಡು ತಗ್ಗು ಬೀಳುವುದೂ ಇಲ್ಲ. ಅವ್ವನ ಸರದಲ್ಲಿ 52 ಗುಂಡುಗಳಿದ್ದವು. ಕೊನೆಗಾಲಕ್ಕೆ ನಾಲ್ಕೈದು ಒಡೆದು ಅರಗು ಪುಡಿಯಾಗಿ ಉದುರುತ್ತಿತ್ತು.

2025ರ ಏಪ್ರಿಲ್‌ನಲ್ಲಿ ಹಿರಿಯವಳ ಕುಬಸ, ಅಂದರೆ ಸೀಮಂತ, ಇತ್ತು. ದಿನ ನಿಗದಿಯಾಗಿದ್ದರಿಂದ, ಹೇಳಿದ ದಿನಕ್ಕೆ ಕೊಡುವವರು ಬೇಕೆಂದು ಮಳಿಗೆಗೆ ಹೋದೆ. ಅವ್ವನ ಚಿನ್ನವನ್ನು ಹಳೆಯದೆಂದು ದರ ಕಟ್ಟಿ ಹಿಡಿದುಕೊಳ್ಳುತ್ತೇವೆ, ಅದೇ ಚಿನ್ನದಲ್ಲಿ ಮಾಡಿಕೊಡುವುದಿಲ್ಲ ಎಂದರು. ಹಾಗಾದರೆ ಬೇಡ ಎಂದು ಸರದ ಫೋಟೋ ಮಾತ್ರ ಕೊಟ್ಟೆ. 20 ಗ್ರಾಂ ತೂಕ, 22 ಕ್ಯಾರೆಟ್, ಮಾಡುವಾಗ ಸವೆಯುವ ಚಿನ್ನಕ್ಕೆಂದು ಹಿಡಿಯುವ ವೇಸ್ಟೇಜ್ ಶೇಕಡಾ 18. ಫೆಬ್ರುವರಿ ಕೊನೆಯಲ್ಲಿ ಗ್ರಾಮಿಗೆ 8,000 ರೂಪಾಯಿಯ ಆಸುಪಾಸು ಇತ್ತು. ಮುಂಗಡ ಕಟ್ಟಿ ಆ ದರವನ್ನೇ ಹಿಡಿದಿಟ್ಟುಕೊಂಡೆ. ಎಸಿ ತಂಪು, ಬಾದಾಮಿ ಹಾಲು, ಕೂರಲು ಮೆತ್ತನೆಯ ಕುರ್ಚಿ, ಎಲ್ಲವೂ ಚೆಂದ.

ಏಪ್ರಿಲ್‌ನಲ್ಲಿ ಸರ ಬಂತು. ತಕ್ಕಡಿಯ ಮೇಲಿಟ್ಟರೆ 23.4 ಗ್ರಾಂ.

ನನ್ನ ಜಗಳವೆಲ್ಲ ಈ 3.4 ಗ್ರಾಮಿನದು. ಗುಂಡುಗಳ ತೂಕ ಸರಿಯಾಗಿಯೇ ಇತ್ತು. ಆದರೆ ಹಿಂಭಾಗದಲ್ಲಿ ದಾರದ ಬದಲು ಚಿನ್ನದ ಸರಪಳಿ, ಅದಕ್ಕೊಂದು ಕೊಕ್ಕೆ! ದಾರದಲ್ಲಿ ಪೋಣಿಸಬೇಕೆಂದು ನಾನು ಎರಡು ಸಲ ಹೇಳಿದ್ದೆ. ಮಳಿಗೆಯ ಹುಡುಗ ತಲೆಯಾಡಿಸಿದ್ದ, ಬರೆದುಕೊಂಡಿರಲಿಲ್ಲ. ಫೋಟೋದಲ್ಲಿ ಸರದ ಮುಂಭಾಗ ಮಾತ್ರ ಇತ್ತು. ಮಾಡುವವನು ಯಾವ ಊರಿನಲ್ಲಿ ಕುಳಿತಿದ್ದನೋ, ಬೆನ್ನ ಕಡೆಗೆ ಏನಿರುತ್ತದೆಂದು ಅವನಿಗೆ ಯಾರು ಹೇಳಬೇಕು? ತನಗೆ ತಿಳಿದದ್ದನ್ನು ಹಾಕಿ ಕಳಿಸಿದ್ದಾನೆ.

"ಮೇಡಂ, ತೂಕದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ ಎಂದು ಆರ್ಡರ್ ಚೀಟಿಯಲ್ಲೇ ಇದೆ" ಎಂದು ಹುಡುಗ ತೋರಿಸಿದ. ಚೀಟಿಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದು ಇತ್ತು. ಹೆಚ್ಚಾದ ತೂಕಕ್ಕೆ ಕೊಡುವ ದಿನದ ದರ ಎಂದೂ ಇತ್ತು. ಅಷ್ಟರಲ್ಲಿ ಗ್ರಾಮಿಗೆ 9,000 ಆಗಿತ್ತು. 3.4 ಗ್ರಾಮಿಗೆ 30,600. ಅದರ ಮೇಲೆ ವೇಸ್ಟೇಜ್ ಶೇಕಡಾ 18, ಅಂದರೆ 5,508. ಅದೆಲ್ಲದರ ಮೇಲೆ ಶೇಕಡಾ 3 ಜಿಎಸ್‌ಟಿ. ಕೇಳದೆ ಬಂದ ಸರಪಳಿಗೆ 37,000 ರೂಪಾಯಿಗಿಂತ ಹೆಚ್ಚು! ಸರಪಳಿ ಬಿಚ್ಚಿ ದಾರ ಹಾಕಿಕೊಡಿ ಎಂದೆ. ವಾಪಸ್ ಕಳಿಸಿದರೆ ಮೂರು ವಾರ ಎಂದರು. ಕುಬಸಕ್ಕೆ ಐದು ದಿನ ಉಳಿದಿತ್ತು. ದುಡ್ಡು ಎಣಿಸಿಕೊಟ್ಟು ಬಂದೆ. ಹಲ್ಲು ಕಚ್ಚಿಕೊಂಡೇ ಬಂದೆ ಎಂದರೂ ಸುಳ್ಳಲ್ಲ.

ಮನೆಗೆ ಬಂದ ಮೇಲೆ ತಿಳಿದದ್ದು ಇನ್ನೊಂದು. ಗುಂಡುಗಳ ಒಳಗೆ ಅರಗಿಲ್ಲ, ಎಲ್ಲವೂ ಪೊಳ್ಳು. ಮಗಳು ನಡೆದಾಡಿದರೆ ಒಣಗಿದ ಕಾಯಿಯೊಳಗಿನ ಬೀಜದ ಹಾಗೆ ಸದ್ದು. ಈಗ ಮೊಮ್ಮಗನಿಗೆ ಎರಡು ಹಲ್ಲು ಬಂದಿವೆ. ಅವನು ಸಿಕ್ಕಿದ ಗುಂಡನ್ನು ಬಾಯಿಗಿಟ್ಟುಕೊಂಡ, ಎರಡು ಗುಂಡುಗಳಲ್ಲಿ ತಗ್ಗು ಬಿತ್ತು. ಸರ ಕಪಾಟು ಸೇರಿದ್ದು ಆವತ್ತು.

ಕಿರಿಯವಳು ಕೆಲಸಕ್ಕೆ ಬೆಂಗಳೂರಿನಲ್ಲಿದ್ದಾಳೆ. ಅಲ್ಲಿನ ಒಂದು ವಿನ್ಯಾಸ ಕೇಂದ್ರವನ್ನು ಅವಳೇ ಹುಡುಕಿದಳು. ಕಂಪ್ಯೂಟರಿನಲ್ಲಿ ಸರವನ್ನು ಬರೆದು, ಸುತ್ತ ತಿರುಗಿಸಿ ತೋರಿಸಿದರು. ನೋಡಲು ಅವ್ವನ ಸರವೇ. ಆದರೆ ಅವರದು ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವ ಕೆಲಸ, ತಗಡಿನಷ್ಟು ತೆಳುವಾಗಿ ಬರುವುದಿಲ್ಲ, 40 ಗ್ರಾಂ ಹತ್ತಿರ ಹೋಗುತ್ತದೆ ಎಂದು ಅವರೇ ಹೇಳಿದರು. ನಮಗೆ ಎಟುಕದ ಲೆಕ್ಕ. ಉಂಗುರ, ಪದಕದಂಥ ಗಟ್ಟಿ ಒಡವೆಯಾದರೆ ನಾನು ಅವರ ಹತ್ತಿರವೇ ಹೋಗುತ್ತೇನೆ.

ಹೀಗೆ ಜೂನ್‌ನಲ್ಲಿ ಅವ್ವನ ಸರವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಪತ್ತಾರರ ಅಂಗಡಿಗೆ ಹೋದೆ. ಅಂಗಡಿಯೆಂದರೆ ಒಂದು ಕೋಣೆ, ಚಾಪೆ, ಮರದ ಮಣೆ, ಅಗ್ಗಿಷ್ಟಿಕೆ. "ಅಕ್ಕಾವರೇ, ಇಲ್ಲೇ ಕುಳಿತುಕೊಳ್ಳಿ, ನಿಮ್ಮ ಎದುರಿಗೇ ಕರಗಿಸುತ್ತೇನೆ" ಎಂದರು. ಶಾಲೆಯಲ್ಲಿ ಅವರ ಮಗನಿಗೆ ನಾನು ಪಾಠ ಹೇಳಿದ್ದೆ, ಹಾಗಾಗಿ ಅಕ್ಕಾವರು.

ದಾರ ಕತ್ತರಿಸಿ ತೂಗಿದಾಗ 30 ಗ್ರಾಂ. ಗುಂಡುಗಳನ್ನು ಕಾಯಿಸಿದಂತೆ ಅರಗು ಕಪ್ಪಗೆ ಕರಗಿ ಹರಿಯಿತು, ಕೋಣೆಯೆಲ್ಲ ಹೊಗೆ. ಅದರಲ್ಲಿ ಅಂಚೆ ಲಕೋಟೆಯ ಮುದ್ರೆ ಸುಟ್ಟಂಥ ವಾಸನೆ. ಉಳಿದ ತಗಡನ್ನು ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ ಊದಿದರು. ಆರಿದ ಉಂಡೆ 18.2 ಗ್ರಾಂ. ಹನ್ನೆರಡು ಗ್ರಾಮಿನಷ್ಟು ಅರಗನ್ನು ಅವ್ವ ಇಷ್ಟು ವರ್ಷ ಚಿನ್ನವೆಂದೇ ನಂಬಿ ಕೊರಳಲ್ಲಿಟ್ಟುಕೊಂಡಿದ್ದಳು!

ಪತ್ತಾರರು ಒರೆಗಲ್ಲಿಗೆ ತಿಕ್ಕಿ ನೋಡಿ, ಹಳೆಯ ಬೆಸುಗೆ ಸೇರಿದೆ, ನೂರಕ್ಕೆ ತೊಂಬತ್ತು ಇರಬಹುದು ಎಂದರು. ನಾನು ಪಕ್ಕಾ ಮೇಷ್ಟರ ಮಗಳು, ಉಂಡೆಯನ್ನು ಹುಬ್ಬಳ್ಳಿಯ ಪರೀಕ್ಷಾ ಕೇಂದ್ರಕ್ಕೆ ಒಯ್ದೆ. ಕೆಲವು ನೂರು ರೂಪಾಯಿಗೆ ಬಂದ ಚೀಟಿಯಲ್ಲೂ ತೊಂಬತ್ತೇ. ಅದನ್ನು 22 ಕ್ಯಾರೆಟ್ಟಿಗೆ, ಅಂದರೆ ನೂರಕ್ಕೆ 91.6ಕ್ಕೆ ಏರಿಸಲು ಮೂರೂವರೆ ಗ್ರಾಂ ಅಪರಂಜಿ ಬೇಕಿತ್ತು. ಮನೆಯಲ್ಲಿದ್ದ ನಾಲ್ಕು ಗ್ರಾಮಿನ ನಾಣ್ಯ ಕೊಟ್ಟೆ, ಅರ್ಧ ಗ್ರಾಂ ಕತ್ತರಿಸಿ ಕೈಗಿಟ್ಟರು. ಹೊಸ ಉಂಡೆ 21.7 ಗ್ರಾಂ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡಲಾರ ಎಂಬ ಗಾದೆ ನನಗೂ ಗೊತ್ತು. ಕೊನೆಗೆ ಅರಗು ತುಂಬುವ ಮೊದಲು ಕರೆದು ತೂಗಿ ತೋರಿಸಿದಾಗ ಗುಂಡುಗಳು 21.2 ಗ್ರಾಂ ಇದ್ದವು, ಕಾಗದದ ಪೊಟ್ಟಣದಲ್ಲಿ ಅರದ ಪುಡಿ 0.3 ಗ್ರಾಂ. ಕಾಣದೆ ಹೋದದ್ದು 0.2. ಮಳಿಗೆಯ ಶೇಕಡಾ 18 ನೆನಪಾಗಿ ಗಾದೆ ಮಾಡಿದವರ ಮೇಲೆ ಸಿಟ್ಟು ಬಂತು.

ಮಜೂರಿ 12,000. ಮಳಿಗೆಯ ವೇಸ್ಟೇಜ್ ಎರಡೂ ಸೇರಿ 34,000 ದಾಟಿತ್ತು. ಪಟವೇಗಾರರಿಂದ ಕೆಂಪು ರೇಷ್ಮೆಯಲ್ಲಿ ಪೋಣಿಸಿ ಗೊಂಡೆ ಕಟ್ಟಿಸಲು ಬೇರೆ 600.

ಪತ್ತಾರರ ಬಗ್ಗೆ ದೂರಿಲ್ಲವೆಂದಲ್ಲ. ಪಂಚಮಿಗೆ ಕೊಡುತ್ತೇನೆಂದವರು ದಸರೆಗೆ ಕೊಟ್ಟರು. ಅಮಾವಾಸ್ಯೆಯಂದು ಅಗ್ಗಿಷ್ಟಿಕೆ ಹೊತ್ತಿಸುವುದಿಲ್ಲ. ಅದರ ಹಿಂದಿನ ದಿನ ಮನಸ್ಸಿಲ್ಲ, ಮರುದಿನ ಯಾರದೋ ಮದುವೆಯ ತಾಳಿ. ಮಳೆಗಾಲದಲ್ಲಿ ನಾನು ಆ ಓಣಿಗೆ ಹನ್ನೊಂದು ಸಲ ಹೋಗಿದ್ದೇನೆ. ಕುಬಸವನ್ನು ಇವರಿಗೆ ಒಪ್ಪಿಸಿದ್ದರೆ ಮಗುವಿನ ನಾಮಕರಣಕ್ಕೂ ಸರ ಬರುತ್ತಿರಲಿಲ್ಲ. ದಾರವೂ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು.

ಚಿನ್ನದ ಶುದ್ಧತೆಗೆ ಹಾಕುವ ಹಾಲ್‌ಮಾರ್ಕ್ ಮುದ್ರೆ ಕೂಡ ಇಲ್ಲ. ನೋಂದಾಯಿತ ವ್ಯಾಪಾರಿಗಳಷ್ಟೇ ಅದನ್ನು ಹಾಕಿಸಬಹುದು, ವರ್ಷದ ವಹಿವಾಟು 40 ಲಕ್ಷ ದಾಟದ ಇಂಥ ಸಣ್ಣವರಿಗೆ ಅದು ಕಡ್ಡಾಯವಲ್ಲ. ಮಳಿಗೆಯ ಸರದ ಕೊಕ್ಕೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತದೆ. ನಾಳೆ ಮಾರುವ, ಬದಲಿಸುವ ಯೋಚನೆ ಇದ್ದವರು ಕಣ್ಣು ಮುಚ್ಚಿ ಮಳಿಗೆಗೆ ಹೋಗಲಿ. ನಮ್ಮ ಮನೆಯಲ್ಲಿ ಚಿನ್ನ ಮಾರಿದವರಿಲ್ಲ, ಅಡವಿಟ್ಟವರಿದ್ದಾರೆ. ಕರಗಿಸಿದ್ದು, ಬೆರೆಸಿದ್ದು, ತೂಗಿದ್ದು ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ, ಅವ್ವನದೇ ಚಿನ್ನ ಎಂಬ ಖಾತ್ರಿಯೂ ಇದೆ. ನನಗೆ ಇಷ್ಟು ಸಾಕು. ಪಿಂಚಣಿಯಲ್ಲಿ ಬದುಕುವವಳಿಗೆ ಮಜೂರಿಯಲ್ಲಿ ಉಳಿದ ದುಡ್ಡೂ ದೊಡ್ಡದೇ.

ಕಿರಿಯವಳ ಸರ ಸದ್ದು ಮಾಡುವುದಿಲ್ಲ. ಕೊರಳಿಗೆ ತುಂಬಿಕೊಂಡು ಕೂರುತ್ತದೆ, ಬೇಸಿಗೆಯಲ್ಲೂ ತಣ್ಣಗೆ. ಅದನ್ನು ನೋಡಿ ಹಿರಿಯವಳು ಮುಖ ಸಣ್ಣದು ಮಾಡಿಕೊಂಡಳು. ಅವಳದನ್ನೂ ಪತ್ತಾರರಿಗೆ ತೋರಿಸಿದೆ. ಸರಪಳಿ ತೆಗೆದು, ತಗ್ಗು ಎತ್ತಿ, ಅರಗು ತುಂಬಿ, ದಾರದಲ್ಲಿ ಪೋಣಿಸಿಕೊಡುತ್ತಾರಂತೆ. ತೆಗೆದ ಸರಪಳಿಯಲ್ಲಿ ಮೊಮ್ಮಗನಿಗೊಂದು ಉಡಿದಾರದ ಗೆಜ್ಜೆಯಾಗುತ್ತದೆ. ಈ ಅಮಾವಾಸ್ಯೆ ಕಳೆಯಲಿ ಎಂದಿದ್ದಾರೆ. ಯಾವ ಅಮಾವಾಸ್ಯೆ ಎಂದು ನಾನು ಕೇಳಲಿಲ್ಲ.