ಲಿಪೋ ಬ್ಯಾಟ್ರಿಗೆ ‘ಫಾಸ್ಟ್ ಚಾರ್ಜರ್’ ಅಂತ ಕೊಡ್ಲತ್ತಾರ, ತಗೋಬ್ಯಾಡ್ರಿ

ಆರ್‌ಸಿ ಪ್ಲೇನ್ (ರಿಮೋಟಿಲೆ ಹಾರೋ ಸಣ್ಣ ವಿಮಾನ) ಹಾರ್ಸೋರು, ಅದ್ರಾಗೂ ನಮ್ ಕಲಬುರಗಿ, ಬೀದರ್, ಯಾದಗಿರಿ ಕಡೆಯವ್ರು ಇದನ್ನ ಪೂರಾ ಓದ್ರಿ. ನಾಲ್ಕು ದಿನದಿಂದ ಬರೀಲೋ ಬ್ಯಾಡೋ ಅಂತ ಕುಂತಿದ್ದೆ, ನಾಚ್ಕಿ ಆಗ್ಲತ್ತದ ಖರೇ, ಆದ್ರ ಇವತ್ತು ಅದೇ ಚಾರ್ಜರ್ ಅದೇ ಅಂಗಡಿ ಗಾಜಿನ ಕಪಾಟಿನಾಗ ಇಟ್ಟಿದ್ದು ನೋಡಿ ಬಂದೆ, ಅದಕ್ಕ ಬರೀಲತ್ತೀನಿ.

ನಂದು ಸಣ್ಣ ಫೋಮ್ ಪ್ಲೇನ್, 3ಎಸ್ (ಒಳಗ ಮೂರು ಸೆಲ್ ಸಾಲಾಗಿ) 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟ್ರಿ) ಮೂರು ಪ್ಯಾಕ್ ಅವ. ಎರಡು ವರ್ಷದಿಂದ ಪ್ಲೇನ್ ಜೋಡಿ ಬಂದ ಮೂರು ಲೈಟಿನ ಸಣ್ಣ ಚಾರ್ಜರ್‌ನಾಗೇ ನಡಿಸ್ಲತ್ತಿದ್ದೆ. ಬ್ಯಾಟ್ರಿದು ಸಣ್ಣ ಬಿಳಿ ಪಿನ್ ಅದ್ರಾಗ ಚುಚ್ಚೋದು, ಮೂರೂ ಲೈಟ್ ಹಸರು ಆದ್ರ ತೆಗೆಯೋದು, ಇಷ್ಟೇ. ಆದ್ರ ಒಂದೊಂದು ಪ್ಯಾಕಿಗೆ ಎರಡೂವರಿ ಮೂರು ತಾಸು. ತೊಗರಿ ರಾಶಿ ಆದ ಮ್ಯಾಲ ಹೊಲ ಖಾಲಿ ಇರ್ತಾವ, ವಿಮಾನ ನಿಲ್ದಾಣ ಸಾರಡಗಿ ಕಡೆ ಅದ ಅಂತ ನಾವು ಅದ್ರಿಂದ ದೂರ ಈ ಕಡೀ ಹೊಲಕ್ಕ ಹೋಗ್ತೀವಿ, ಬಿಸ್ಲು ಇಳಿದ ಮ್ಯಾಲ ಸಿಗೋದೇ ಒಂದೂವರಿ ತಾಸು, ಮೂರು ಪ್ಯಾಕ್ ಮುಗಿದ್ರ ಮುಗೀತು. ಅದಕ್ಕ ಜಲ್ದಿ ಚಾರ್ಜ್ ಆಗೋದು ಬೇಕಿತ್ತು.

ಊರಾಗಿನ ಒಂದ್ ಅಂಗಡಿಗೆ ಹೋದೆ, ಹೆಸ್ರು ಬರೆಯಂಗಿಲ್ಲ. ಅಂವ ಒಂದ್ ಕರಿ ಡಬ್ಬಿ ತೆಗೆದ, ಮ್ಯಾಲ ‘ಲಿಪೋ ಫಾಸ್ಟ್ ಚಾರ್ಜರ್’ ಅಂತ ಬಣ್ಣದ ಸ್ಟಿಕ್ಕರ್. ಅರ್ಧ ತಾಸಿನ್ಯಾಗ ಫುಲ್ ಅಂದ. 1,850 ರೂಪಾಯಿ. ನೋಡಿದ್ರ ಅದಕ್ಕ ಬರೇ ಹಳದಿ ದಪ್ಪ ಕನೆಕ್ಟರ್, ಎಕ್ಸ್‌ಟಿ60 ಅಷ್ಟೇ ಅದ, ಸಣ್ಣ ಬಿಳಿ ಪಿನ್ ಚುಚ್ಚೋ ಜಾಗಾನೇ ಇಲ್ಲ. ನಾ ಕೇಳ್ದೆ, ಕೇಳಿಲ್ಲ ಅಂತಲ್ಲ, ಬಾಯಿ ಬಿಟ್ಟು ಕೇಳ್ದೆ, ‘ಮತ್ತ ಈ ಬಿಳಿ ವೈರ್ ಎಲ್ಲಿ ಹಚ್ಚೋದ್ರಿ?’ ಅಂತ. ಅಂವ ಏನ್ ಅಂದ ಗೊತ್ತದೇನ್ರಿ? ‘ಅದು ಫ್ಯಾಕ್ಟ್ರಿದಾಗ ಟೆಸ್ಟ್ ಮಾಡ್ಲಿಕ್ಕೆ ಬಿಟ್ಟ ವೈರ್ ಸರ್. ನಿಮ್ ಹಳೇದು ಸಸ್ತಾ ಚಾರ್ಜರ್, ಅದಕ್ಕ ಸಣ್ಣ ವೈರಿನ್ಯಾಗ ಕೊಡ್ತದ. ಇದು ದಪ್ಪ ವೈರಿನ್ಯಾಗ ಕೊಡ್ತದ, ಅದಕ್ಕೇ ಜಲ್ದಿ.’

ಇಲ್ಲೇ ನೋಡ್ರಿ ನಾ ಸಿಕ್ಕಿಬಿದ್ದಿದ್ದು. ದಪ್ಪ ವೈರಿನ್ಯಾಗ ಕರೆಂಟ್ ಜಾಸ್ತಿ ಹೋಗ್ತದ ಅನ್ನೋದು ಖರೇನೇ ಅದ. ಅರ್ಧ ಖರೇ ಹೇಳಿ ಉಳಿದರ್ಧ ಸುಳ್ಳು ಅದ್ರಾಗ ಸೇರ್ಸಿಬಿಟ್ಟ. 5 ಆಂಪ್ ಕೊಡ್ತದ ಅಂದ, ಅದು ಜಾಸ್ತಿ ಆಗಂಗಿಲ್ಲೇನ್ರಿ ಅಂದ್ರ ಪ್ಯಾಕ್ ಮ್ಯಾಲಿನ 25ಸಿ ತೋರ್ಸಿ ‘25 ಪಟ್ಟು ತಡೀತದ ಸರ್, ಇದು ಎರಡು ಪಟ್ಟು’ ಅಂದ. ಆ 25ಸಿ ಅನ್ನೋದು ಬ್ಯಾಟ್ರಿ ಕೊಡೋ ಕರೆಂಟಿಂದು, ತಗೊಳ್ಳೋದಲ್ಲ. ಚಾರ್ಜಿಂದು ಹಿಂದ್ಗಡಿ ಸಣ್ಣ ಅಕ್ಷರದಾಗ ಬ್ಯಾರೆ ಬರ್ದಿರ್ತಾರ, ನನ್ ಪ್ಯಾಕಿಂದು 2ಸಿ, ಅಂದ್ರ 2200 ಎಂಎಎಚ್‌ಗೆ 2.2 ಆಂಪಿನ ಎರಡು ಪಟ್ಟು, 4.4 ಆಂಪ್‌ಗೆ ಮುಗೀತು. ಅಂಗಡ್ಯಾಗ ಪ್ಯಾಕ್ ತಿರುವಿ ನೋಡ್ಬೇಕಿತ್ತು, ನೋಡ್ಲಿಲ್ಲ.

ಐದಾರು ವಾರ ಛಲೋ ನಡೀತು. ಖರೇನೇ ಅರ್ಧ ತಾಸಿಗೆ ಹಸರು ಲೈಟ್. ದೋಸ್ತರಿಗೆಲ್ಲಾ ನಾನೇ ಹೇಳ್ದೆ, ಒಬ್ಬಂವ ತಗೊಂಡ ಕೂಡ, ಅದು ನೆನಪಾದ್ರ ಈಗ ಹೊಟ್ಟ್ಯಾಗ ಸಂಕಟ ಆಗ್ತದ.

ಹೋದ ವಾರ ಸಂಜಿಮುಂದ ಹೊಲದಿಂದ ಬಂದು ಪಡಸಾಲ್ಯಾಗ ಟೀಪಾಯಿ ಮ್ಯಾಲ ಹಚ್ಚಿ ಚಹಾ ಕುಡೀಲಿಕ್ಕೆ ಒಳಗ ಹೋದೆ. ನಮ್ ಬಿಸ್ಲು ನಿಮಗ ಗೊತ್ತೇ ಅದ, 42 ಡಿಗ್ರಿ, ಪ್ಯಾಕ್ ಇನ್ನಾ ಬಿಸಿನೇ ಇತ್ತು, ಆರ್ಲಿಕ್ಕೂ ಬಿಡ್ಲಿಲ್ಲ. ಸ್ವಲ್ಪ ಹೊತ್ತಿಗೆ ನೇಲ್ ಪಾಲಿಶ್‌ನಂಥಾ ಒಂಥರಾ ಸಿಹಿ ವಾಸ್ನಿ ಬಂತು. ಅಷ್ಟರಾಗ ತಮ್ಮನ ಮಗ ಒದರಿದ, ‘ದೊಡ್ಡಪ್ಪಾ, ಬ್ಯಾಟ್ರಿ ಉಬ್ಲತ್ತದ!’ ಓಡಿ ಬಂದು ನೋಡಿದ್ರ ಹೆಂಚಿನ ಮ್ಯಾಲ ರೊಟ್ಟಿ ಉಬ್ಬಿದಂಗ ಉಬ್ಬ್ಯಾದ, ಪ್ಲಾಸ್ಟಿಕ್ ಬಿರಿಲತ್ತದ, ಸುಂಯ್ ಅಂತ ಸಪ್ಪಳ. ಲೈಟ್ ಮಾತ್ರ ಹಸರು. ಹಸರು ರೀ! ಸ್ವಿಚ್ ಕಿತ್ತು ಹಾಕ್ದೆ, ಕೈಗೆ ಸಿಕ್ಕಿದ್ದು ರೊಟ್ಟಿ ಹೆಂಚು, ಅದ್ರ ಮ್ಯಾಲ ತಳ್ಳಿ ಅಂಗಳಕ್ಕ ಓಡ್ದೆ, ಫರ್ಸಿ ಮ್ಯಾಲ ಒಗೆದು ಹಿಂದ ಸರಿಯೋದ್ರಾಗ ಭುಸ್ ಅಂತ ಸೊಂಟದೆತ್ರ ಬೆಂಕಿ. ಮನಿ ಕಟ್ಟಿದಾಗ ಉಳಿದ ಉಸುಕು ಮೂಲ್ಯಾಗ ಬಿದ್ದಿತ್ತು, ಅದನ್ನ ಬುಟ್ಟಿಲೆ ಸುರುವಿದ ಮ್ಯಾಲ ಆರ್ತು. ಶಹಾಬಾದ್ ಫರ್ಸಿ ಕರ್ರಗ ಆಗಿ ಸೀಳು ಬಿಟ್ಟದ. ಆ ಹೊಗಿ ಸುಮ್ಮನ ಹೊಗಿ ಅಲ್ರಿ, ವಿಷ ಅದು. ಹುಡುಗ ಅರ್ಧ ತಾಸು ಕೆಮ್ಮಿದ. ನಾ ಇನ್ನ ಎರಡು ನಿಮಿಷ ಒಳಗ ಕುಂತಿದ್ರ ಆ ಹುಡುಗ ಅದ್ರ ಬಾಜೂಕ ನಿಂತಿದ್ದ. ಅದನ್ನ ನೆನೆಸಿದ್ರ ರಾತ್ರಿ ನಿದ್ದಿ ಬರವಲ್ದು.

ಮರುದಿನ ಆ ಡಬ್ಬಿ ಸ್ಟಿಕ್ಕರ್ ಉಗುರಿಲೆ ಕೆರೆದು ನೋಡ್ದೆ. ಕೆಳಗ ಇನ್ನೊಂದ್ ಸ್ಟಿಕ್ಕರ್, 12.6 ವೋಲ್ಟ್ 5 ಆಂಪ್ ಅಡಾಪ್ಟರ್. ಲಿಪೋ ಅನ್ನೋ ಹೆಸರೇ ಇಲ್ಲ. ತೊಗರಿಗೆ ಎಣ್ಣಿ ಹೊಡಿಯೋ ಬ್ಯಾಟ್ರಿ ಪಂಪಿನ್ಯಾಗ ಲಿಥಿಯಂ ಪ್ಯಾಕ್ ಇರ್ತಾವಲ್ರಿ, ಅಂಥಾದ್ದಕ್ಕ ಹಚ್ಚೋದು. ಆ ಪ್ಯಾಕ್‌ನಾಗ ಒಳಗೇ ಬಿಎಂಎಸ್ ಬೋರ್ಡ್ ಇರ್ತದ, ಒಂದೊಂದು ಸೆಲ್ ನೋಡ್ಕೋತದ, ಹೆಚ್ಚಾದ್ರ ಕಟ್ ಮಾಡ್ತದ. ನಮ್ ಪ್ಲೇನಿನ ಲಿಪೋದಾಗ ಆ ಬೋರ್ಡ್ ಇರಂಗೇ ಇಲ್ಲ, ಆ ಕೆಲ್ಸ ಚಾರ್ಜರೇ ಮಾಡ್ಬೇಕು, ಅದಕ್ಕೇ ಆ ಬಿಳಿ ವೈರ್! ಟೆಸ್ಟಿಂಗ್ ವೈರ್ ಅಂದಿದ್ನಲ್ಲ, ಅದೇ ವೈರ್.

ಸೆಲ್ ಚೆಕ್ಕರ್ ತರ್ಸಿ ಉಳಿದ ಪ್ಯಾಕಿಗೆ ಚುಚ್ಚಿ ನೋಡ್ದೆ. 4.41, 4.36, 3.83 ವೋಲ್ಟ್. ಕೂಡ್ಸಿ ನೋಡ್ರಿ, ಬರೋಬ್ಬರಿ 12.60. ಡಬ್ಬಿಗೆ ಒಟ್ಟು ಲೆಕ್ಕ ಅಷ್ಟೇ ಕಾಣ್ತದ, 12.60 ಆಯ್ತು ಅಂದ್ರ ಹಸರು. ಒಂದ್ ಸೆಲ್ ಹಿಂದ ಬಿದ್ದಿತ್ತಂದ್ರ ಅದ್ರ ಪಾಲು ಉಳಿದ ಎರಡ್ರಾಗ ತುರುಕ್ತದ. ಲಿಪೋ ಒಂದ್ ಸೆಲ್ಲಿಗೆ 4.20 ದಾಟಂಗಿಲ್ಲ, ಅಲ್ಲಿ 4.41 ಇತ್ತು ನನ್ ಮನ್ಯಾಗ, ಕಪಾಟಿನ್ಯಾಗ, ಅರಿಬಿ ಬಾಜೂಕ.

ಅಂಗಡಿಯಂವಗ ಫೋಟೋ ಕಳ್ಸಿದೆ. ಪೈಲಾ ಉತ್ರ: ‘ಬ್ಯಾಟ್ರಿ ಲೋಕಲ್ ಇರ್ಬೇಕು.’ ಎರಡು ಪ್ಯಾಕ್ ಅವನ ಹತ್ರನೇ ತಗೊಂಡಿದ್ದು ಅಂದೆ. ‘ಹಂಗಾದ್ರ ಬಿಸ್ಲಿಗೆ ಇಟ್ಟಿರ್ಬೇಕು.’ ಸ್ಟಿಕ್ಕರ್ ಕೆಳಗಿನ ಸ್ಟಿಕ್ಕರ್ ಫೋಟೋ ಕಳ್ಸಿದೆ. ಒಂದ್ ದಿನ ಉತ್ರನೇ ಇಲ್ಲ. ಆಮ್ಯಾಲ, ‘ಎಷ್ಟೋ ಮಂದಿಗೆ ಕೊಟ್ಟೀನಿ, ಯಾರೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ರೇ.’ ಸೀದಾ ಅಂಗಡಿಗೇ ಹೋದೆ. ಮಂದಿ ಮುಂದ ‘ಬಿಲ್ ತೋರ್ಸ್ರಿ’ ಅಂದ. ಬಿಲ್ ಕೊಟ್ಟಿದ್ರ ಅಲ್ರಿ ತೋರ್ಸೋದು! ಅರ್ಧ ಹಾಳಿ ಮ್ಯಾಲ ಪೆನ್ನಿಲೆ 1,850 ಅಂತ ಗೀಚಿ ಕೊಟ್ಟಿದ್ದ. ಟೆಸ್ಟಿಂಗ್ ವೈರ್ ಅಂತ ನೀವೇ ಹೇಳಿದ್ರಲ್ಲ ಅಂದ್ರ, ‘ನಾ ಹಂಗ ಅಂದಿಲ್ಲ, ಎರಡು ವರ್ಷದಿಂದ ಹಾರ್ಸ್ತೀರಿ, ನಿಮಗ ಇಷ್ಟೂ ಗೊತ್ತಿಲ್ಲೇನ್ರಿ?’ ಅಂತ ನಗ್ಲಿಕ್ಕೆ ಹತ್ತಿದ. ರೊಕ್ಕ ಹೋಗಿದ್ದಕ್ಕಿಂತ ಆ ನಗಿ ಉರೀಲತ್ತದ.

ಈಗ ಏನ್ ಮಾಡ್ಬೇಕು ಅಂತ ಕೇಳ್ತೀರಿ. ಬಿಳಿ ಪಿನ್ ಚುಚ್ಚಂಗಿಲ್ಲದ ಚಾರ್ಜರ್ ಯಾರರೆ ಫುಕಟ್ ಕೊಟ್ರೂ ತಗೋಬ್ಯಾಡ್ರಿ. ಜಲ್ದಿ ಬೇಕಂದ್ರ ಸ್ಕ್ರೀನ್ ಇರೋ ಬ್ಯಾಲೆನ್ಸ್ ಚಾರ್ಜರ್ ತಗೋರಿ, ಒಂದೊಂದು ಸೆಲ್ ಬ್ಯಾರೆ ಬ್ಯಾರೆ ತೋರ್ಸ್ಬೇಕು, ಲಿಪೋ ಮೋಡ್‌ನಾಗೇ ಇಡ್ರಿ, ಎಲ್‌ಐಎಚ್‌ವಿ (ಹೆಚ್ಚು ವೋಲ್ಟಿನ ಬ್ಯಾರೆ ಲಿಪೋದ ಮೋಡ್) ಅಂತ ಇಟ್ರ 4.35 ತನಕ ಹೋಗ್ತದ. 2200 ಪ್ಯಾಕಿಗೆ 1ಸಿ ಅಂದ್ರ 2.2 ಆಂಪ್, ಒಂದ್ ತಾಸಿನ ಮ್ಯಾಲ ಸ್ವಲ್ಪ ಹಿಡೀತದ, ಸಾಕು. 2ಸಿ ಕೊಡ್ಬೇಕಂದ್ರ 55 ವ್ಯಾಟ್ ಬೇಕು, 50 ವ್ಯಾಟಿನ ಚಾರ್ಜರ್‌ಗೆ ಅದು ಆಗಂಗಿಲ್ಲ, ಅಂಗಡ್ಯಾಗ ಏನೇ ಅನ್ಲಿ. ನನ್ನ ಕೇಳಿದ್ರ ಫಾಸ್ಟ್ ಚಾರ್ಜರ್ ರೊಕ್ಕದಾಗ ಇನ್ನೊಂದ್ ಪ್ಯಾಕ್ ತಗೋರಿ, ಅದೇ ಫಾಸ್ಟ್. ಹಾರ್ಸಿ ಬಂದ ಮ್ಯಾಲ ಪ್ಯಾಕ್ ತಣ್ಣಗಾಗ್ಲಿ, ಅಂಗಳದಾಗ ಫರ್ಸಿ ಮ್ಯಾಲ ಹಚ್ರಿ, ಬಾಜೂಕ ಒಂದ್ ಬುಟ್ಟಿ ಒಣ ಉಸುಕು ಇರ್ಲಿ, ಮುಗಿಯೋ ತನಕ ಎದ್ದು ಹೋಗ್ಬ್ಯಾಡ್ರಿ. ಉಬ್ಬಿದ ಪ್ಯಾಕಿಗೆ ಮತ್ತ ಚಾರ್ಜ್ ಹಚ್ಚೋದು ಬ್ಯಾಡೇ ಬ್ಯಾಡ.

ನನ್ನ ಮಾತು ಕೇಳಿ ತಗೊಂಡ ದೋಸ್ತಗ ಅವತ್ತೇ ರಾತ್ರಿ ಫೋನ್ ಮಾಡಿ ತೆಗೆಸ್ದೆ, ಅವನ ಪ್ಯಾಕ್‌ನಾಗ ಒಂದ್ ಸೆಲ್ 4.29 ಇತ್ತು. ಕರಿ ಡಬ್ಬಿ, ಬಣ್ಣದ ಸ್ಟಿಕ್ಕರ್, ಬರೇ ಹಳದಿ ಕನೆಕ್ಟರ್. ನಿಮ್ ಮನ್ಯಾಗ ಇದ್ರ ನಾಳಿ ಅನ್ಬ್ಯಾಡ್ರಿ, ಈಗೇ ಎದ್ದು ಪ್ಲಗ್ ಕಿತ್ತು ಸೆಲ್ ನೋಡ್ರಿ, 4.20 ಮ್ಯಾಲ ಎಷ್ಟು ಬಂತು ಇಲ್ಲೇ ಬರೀರಿ.